ವಿಂಡೋಸ್ ಒಳಗೊಂದು ಹಗುರ ಲಿನಕ್ಸ್

ಲಿನಕ್ಸ್ ಕಲಿಯಬೇಕು, ಆದರೆ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲಿರುವ ವಿಂಡೋಸ್ ಅಳಿಸುವ ಹಾಗಿಲ್ಲ. ಹೀಗಿದ್ದರೆ ವಿಂಡೋಸ್ ಒಳಗೇ ವರ್ಚುವಲ್ ಮಷೀನ್ (ಸಾಫ್ಟ್‌ವೇರ್ ಸೃಷ್ಟಿಸುವ ಕಂಪ್ಯೂಟರ್) ಮಾಡಿ, ಅದರಲ್ಲಿ ಲಿನಕ್ಸ್ ಓಡಿಸಬಹುದು. ಇಲ್ಲಿ ಹೇಳುತ್ತಿರುವುದು 8 ಜಿಬಿ ರ್‍ಯಾಮ್ ಇರುವ, ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ನ ಸಾಧಾರಣ ಲ್ಯಾಪ್‌ಟಾಪ್‌ನ ಲೆಕ್ಕ. ಬೇಕಾದ ಸಾಮಗ್ರಿ ಎರಡೇ: ವರ್ಚುವಲ್ ಮಷೀನ್ ಮಾಡಿಕೊಡುವ, ಒರಾಕಲ್ ಕಂಪನಿಯ ವರ್ಚುವಲ್‌ಬಾಕ್ಸ್ ಮತ್ತು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನ ‘ನೆಟ್‌ಇನ್‌ಸ್ಟ್’ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಮಾಡುವ ಡಿಸ್ಕಿನ ಪ್ರತಿ). ಎರಡೂ ಉಚಿತ. ಅಧಿಕೃತ ತಾಣಗಳಿಂದಲೇ ಇಳಿಸಿಕೊಳ್ಳಿ.

ಬರೀ ಟರ್ಮಿನಲ್ ಕಮಾಂಡ್ ಕಲಿತರೆ ಸಾಕು ಎನ್ನುವವರಿಗೆ ಇಷ್ಟೆಲ್ಲ ಬೇಡ. ಲಿನಕ್ಸ್ ಕಮಾಂಡ್ ಓಡಿಸಲು ವಿಂಡೋಸ್‌ನದೇ ಸೌಲಭ್ಯವಾದ ಡಬ್ಲ್ಯುಎಸ್‌ಎಲ್ ಸಾಕು. ಪೂರ್ತಿ ಡೆಸ್ಕ್‌ಟಾಪ್ ಬೇಕೆಂದರೆ ಮುಂದೆ ಓದಿ.

ಮೊದಲು ಬಯೋಸ್ ನೋಡಿ

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು ಒತ್ತಿ. ‘ವರ್ಚುವಲೈಸೇಷನ್: ಎನೇಬಲ್ಡ್’ ಎಂದಿದ್ದರೆ ಸರಿ. ‘ಡಿಸೇಬಲ್ಡ್’ ಎಂದಿದ್ದರೆ ಕಂಪ್ಯೂಟರ್ ಶುರುವಾಗುವಾಗ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಮೂಲ ಸೆಟ್ಟಿಂಗ್ಸ್‌ಗೆ, ಹೋಗಿ (ಕಂಪನಿಗೆ ತಕ್ಕಂತೆ ಎಫ್2, ಎಫ್10 ಅಥವಾ ಡಿಲೀಟ್ ಕೀ), ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಎಂಬ ಆಯ್ಕೆಯನ್ನು ಆನ್ ಮಾಡಿ. ಇದನ್ನು ಬಿಟ್ಟು ಮುಂದೆ ಹೋದರೆ 64 ಬಿಟ್ ಲಿನಕ್ಸ್ ಶುರುವೇ ಆಗುವುದಿಲ್ಲ.

ವರ್ಚುವಲ್‌ಬಾಕ್ಸ್ ಹಾಕುವಾಗ ಇಂಟರ್ನೆಟ್ ಒಂದು ಕ್ಷಣ ಕಡಿದುಹೋಗುತ್ತದೆ. ಏನಾದರೂ ಡೌನ್‌ಲೋಡ್ ನಡೆಯುತ್ತಿದ್ದರೆ ಮುಗಿಸಿಕೊಳ್ಳಿ. ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ಪ್ಯಾಕೇಜ್ ಇಲ್ಲವೆಂದು ಅದು ತಕರಾರು ತೆಗೆದರೆ ಅದನ್ನು ಮೊದಲು ಹಾಕಿ, ಮತ್ತೆ ಶುರುಮಾಡಿ.

ಯಂತ್ರಕ್ಕೆ ಎಷ್ಟು ಕೊಡಬೇಕು?

‘ನ್ಯೂ’ ಒತ್ತಿ, ಹೆಸರು ಕೊಟ್ಟು, ಐಎಸ್‌ಒ ಫೈಲ್ ತೋರಿಸಿ. ಇಲ್ಲೇ ಒಂದು ಎಡವಟ್ಟು ಕಾದಿದೆ. ವರ್ಚುವಲ್‌ಬಾಕ್ಸ್ 7 ತಾನೇ ಎಲ್ಲ ಇನ್‌ಸ್ಟಾಲ್ ಮಾಡಲು ಮುಂದಾಗುತ್ತದೆ. ಹಾಗೆ ಬಿಟ್ಟರೆ ‘ವಿಬಾಕ್ಸ್‌ಯೂಸರ್’ ಎಂಬ ಬಳಕೆದಾರ ಹುಟ್ಟಿಕೊಳ್ಳುತ್ತಾನೆ. ಅವನಿಗೆ ಅಡ್ಮಿನ್ ಅಧಿಕಾರವಿರದೆ ಮುಂದೆ ತಲೆನೋವು. ಅನ್‌ಅಟೆಂಡೆಡ್ ಇನ್‌ಸ್ಟಲೇಷನ್ ಬೇಡವೆಂದು ಗುರುತು ಮಾಡಿಬಿಡಿ.

ರ್‍ಯಾಮ್ 2048 ಎಂಬಿ, ಪ್ರೊಸೆಸರ್ 2, ಡಿಸ್ಕ್ 20 ಜಿಬಿ. ‘ಜಾಸ್ತಿ ಕೊಟ್ಟರೆ ಜಾಸ್ತಿ ವೇಗ’ ಎಂಬ ಲೆಕ್ಕ ಇಲ್ಲಿ ನಡೆಯದು. 8 ಜಿಬಿಯಲ್ಲಿ 6 ಜಿಬಿ ಲಿನಕ್ಸ್‌ಗೇ ಕೊಟ್ಟರೆ ವಿಂಡೋಸ್ ಉಸಿರುಕಟ್ಟಿ ಡಿಸ್ಕನ್ನು ರ್‍ಯಾಮ್‌ನಂತೆ ಬಳಸತೊಡಗುತ್ತದೆ. ಆಗ ಎರಡೂ ನಿಧಾನ. 20 ಜಿಬಿ ಎಂದರೂ ಅಷ್ಟೂ ಜಾಗ ಈಗಲೇ ಹೋಗುವುದಿಲ್ಲ, ಬಳಸಿದಂತೆ ಫೈಲ್ ಬೆಳೆಯುತ್ತದೆ. ಆದರೆ ಒಳಗೆ ಫೈಲ್ ಅಳಿಸಿದರೆ ಅದು ತಾನಾಗಿ ಕುಗ್ಗುವುದಿಲ್ಲ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ವಿಡಿಯೊ ಮೆಮೊರಿಯನ್ನು 128 ಎಂಬಿಗೆ ಏರಿಸಿ.

ಇನ್‌ಸ್ಟಾಲ್

ಯಂತ್ರ ಶುರುಮಾಡಿದಾಗ ಬರುವ ಡೆಬಿಯನ್ ಇನ್‌ಸ್ಟಾಲರ್‌ನ ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಮೊದಲ ಸಲಕ್ಕೆ ಇಂಗ್ಲಿಷೇ ಇರಲಿ. ತೊಂದರೆ ಬಂದಾಗ ದೋಷದ ಸಂದೇಶವನ್ನು ಹಾಗೆಯೇ ಹುಡುಕಲು ಅನುಕೂಲ. ಮುಂದೆ ಎಚ್ಚರ ಬೇಕಾದ ಜಾಗ ನಾಲ್ಕು.

ರೂಟ್ (ಸರ್ವಾಧಿಕಾರವಿರುವ ಖಾತೆ) ಪಾಸ್‌ವರ್ಡ್ ಕೇಳಿದಾಗ ಏನೂ ಬರೆಯದೆ ಖಾಲಿ ಬಿಡಿ. ಆಗ ಮಾತ್ರ ನಿಮ್ಮ ಬಳಕೆದಾರ ಹೆಸರಿಗೆ ‘ಸುಡೋ’ (ಅಡ್ಮಿನ್ ಆಗಿ ಕಮಾಂಡ್ ಓಡಿಸುವ) ಅಧಿಕಾರ ತಾನಾಗಿ ಸಿಗುತ್ತದೆ.

ಡಿಸ್ಕ್ ವಿಷಯ ಬಂದಾಗ ‘ಗೈಡೆಡ್ – ಯೂಸ್ ಎಂಟೈರ್ ಡಿಸ್ಕ್’ ಆರಿಸಿ. ಎದೆ ಝಲ್ಲೆನ್ನುವುದು ಇಲ್ಲೇ. ಅಳಿಸುವುದು ಆ 20 ಜಿಬಿಯ ಫೈಲಿನ ಒಳಗಿರುವುದನ್ನು ಮಾತ್ರ. ವಿಂಡೋಸ್ ತಂಟೆಗೆ ಅದು ಹೋಗದು. ಕೊನೆಯಲ್ಲಿ ಬದಲಾವಣೆ ಬರೆಯಲೇ ಎಂದು ಕೇಳುವಾಗ ಮೊದಲೇ ‘ನೋ’ ಗುರುತಾಗಿರುತ್ತದೆ, ‘ಯೆಸ್’ಗೆ ಬದಲಿಸಿ.

ಡೆಸ್ಕ್‌ಟಾಪ್ ಪಟ್ಟಿಯಲ್ಲಿ ಗ್ನೋಮ್‌ಗೆ ಗುರುತು ಮೊದಲೇ ಬಿದ್ದಿರುತ್ತದೆ. ಅದನ್ನು ತೆಗೆದು, ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇ ಗುರುತಿಸಿ. ನಮ್ಮ ಲಿನಕ್ಸ್ ಹಗುರವಾಗುವುದೋ ಭಾರವಾಗುವುದೋ ತೀರ್ಮಾನವಾಗುವುದು ಈ ಒಂದೇ ಪರದೆಯಲ್ಲಿ. ಇದಾದ ಮೇಲೆ ಪ್ಯಾಕೇಜ್‌ಗಳು ಇಂಟರ್ನೆಟ್‌ನಿಂದ ಬರುತ್ತವೆ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರ ದಿನದ ಡೇಟಾ ಮುಗಿದೀತು.

ಕೊನೆಗೆ, ಲಿನಕ್ಸನ್ನು ಶುರುಮಾಡಿಕೊಡುವ ಗ್ರಬ್. ‘ಎಂಟರ್ ಡಿವೈಸ್ ಮ್ಯಾನ್ಯುಅಲಿ’ ಬಿಟ್ಟು, ಕೆಳಗಿನ ‘ಎಸ್‌ಡಿಎ’ (ನಮ್ಮ 20 ಜಿಬಿ ಡಿಸ್ಕ್) ಎಂಬ ಸಾಲನ್ನೇ ಆರಿಸಿ.

ಪರದೆ ಚಿಕ್ಕದಾಗಿದೆಯೇ?

ಮೊದಲ ಸಲ ಲಾಗಿನ್ ಆದಾಗ ಡೆಸ್ಕ್‌ಟಾಪ್ ಪುಟ್ಟ ಚೌಕದಲ್ಲಿ ಕಾಣುತ್ತದೆ, ಕಾಪಿ-ಪೇಸ್ಟ್ ಕೂಡ ಆಗದು. ಅದಕ್ಕೆ ‘ಗೆಸ್ಟ್ ಅಡಿಷನ್ಸ್’ ಬೇಕು. ಸಾಫ್ಟ್‌ವೇರ್ ಹಾಕಿಕೊಡುವ ಸಿನಾಪ್ಟಿಕ್ ತೆರೆದು ಬಿಲ್ಡ್-ಎಸೆನ್ಷಿಯಲ್, ಡಿಕೆಎಂಎಸ್, ಲಿನಕ್ಸ್-ಹೆಡರ್ಸ್-ಎಎಂಡಿ64 ಈ ಮೂರನ್ನು ಹಾಕಿಕೊಳ್ಳಿ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೇಕಾದ ತುಣುಕನ್ನು ಅಲ್ಲೇ ಕಂಪೈಲ್ ಮಾಡಬೇಕಾದ್ದರಿಂದ ಇವು ಬೇಕು. ಅಡಿಷನ್ಸ್ ಕೈಕೊಟ್ಟಾಗ ಹೆಚ್ಚಿನ ಸಲ ಹೆಡರ್ಸ್ ಇರುವುದೇ ಇಲ್ಲ. ಬಳಿಕ ಡಿವೈಸಸ್ ಮೆನುವಿನಿಂದ ಗೆಸ್ಟ್ ಅಡಿಷನ್ಸ್ ಸಿಡಿ ಹಾಕಿ. ಟರ್ಮಿನಲ್‌ನಲ್ಲಿ ‘ಸುಡೋ ಎಸ್‌ಎಚ್’ ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು, ಸಿಡಿಯಲ್ಲಿರುವ ‘ವಿಬಾಕ್ಸ್‌ಲಿನಕ್ಸ್‌ಅಡಿಷನ್ಸ್’ ಫೈಲನ್ನು ಮೌಸ್‌ನಿಂದ ಎಳೆದು ಟರ್ಮಿನಲ್ ಮೇಲೆ ಬಿಡಿ. ಉದ್ದದ ಹೆಸರು ತಾನೇ ಬಂದು ಕೂರುತ್ತದೆ. ಎಂಟರ್ ಒತ್ತಿ, ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ.

ವಿಂಡೋಸ್‌ನ ಫೋಲ್ಡರ್ ಹಂಚಿಕೊಂಡರೂ ‘ಪರ್ಮಿಷನ್ ಡಿನೈಡ್’ ಬಂದರೆ ನಿಮ್ಮ ಬಳಕೆದಾರ ಹೆಸರು ‘ವಿಬಾಕ್ಸ್‌ಎಸ್‌ಎಫ್’ ಗುಂಪಿನಲ್ಲಿಲ್ಲ ಎಂದರ್ಥ. ಸೇರಿಸಿದ ಮೇಲೆ ಲಾಗೌಟ್ ಆಗಿ ಬರಬೇಕು.

ಕನ್ನಡ ಅಕ್ಷರಕ್ಕೆ ಫಾಂಟ್ಸ್-ಗುಬ್ಬಿ, ಟೈಪಿಸಲು ಐಬಸ್-ಎಂ17ಎನ್ ಹಾಕಿ. ಐಬಸ್ ಪಟ್ಟಿಯಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸವಿದೆ. ನುಡಿಯಲ್ಲಿ ಟೈಪಿಸಿದ ಕೈಗೆ ಹೊಸತೇನೂ ಅನ್ನಿಸದು.

ಆಮೆ ಕಂಡರೆ

ಕಿಟಕಿಯ ಕೆಳತುದಿಯಲ್ಲಿ ಹಸಿರು ಆಮೆಯ ಚಿತ್ರ ಕಂಡಿತೇ? ವರ್ಚುವಲೈಸೇಷನ್ ಸೌಲಭ್ಯ ಆಗಲೇ ವಿಂಡೋಸ್‌ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿ ಹಿಡಿತದಲ್ಲಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿಬಳಸಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ‘ವಿಂಡೋಸ್ ಫೀಚರ್ಸ್’ನಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಗುರುತು ತೆಗೆದು ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಆಮೆ ಹೋಗುತ್ತದೆ. ಆದರೆ ಆಗ ಡಬ್ಲ್ಯುಎಸ್‌ಎಲ್ 2 ಓಡದು. ಆಮೂಲಾಗ್ರ ಪರಿಹಾರಕ್ಕೆ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಕೋರ್ ಐಸೊಲೇಷನ್‌ನ ‘ಮೆಮೊರಿ ಇಂಟೆಗ್ರಿಟಿ’ಯನ್ನೂ ಆಫ್ ಮಾಡಬೇಕಾದೀತು. ಅದು ಸುರಕ್ಷತೆಯ ಒಂದು ಪದರ. ಬ್ಯಾಂಕ್ ವ್ಯವಹಾರವೂ ಅದೇ ಯಂತ್ರದಲ್ಲಿ ಎಂದಾದರೆ ಆಮೆಯ ವೇಗವನ್ನೇ ಸಹಿಸಿಕೊಳ್ಳುವುದು ಲೇಸು.

ಮೌಸ್ ಒಳಗೆ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ. ಎಲ್ಲ ಸರಿಯಾದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ನಾಳೆ ಏನು ಕೆಡಿಸಿಕೊಂಡರೂ ಇದೇ ಹಂತಕ್ಕೆ ಮರಳಬಹುದು.