ಬೈಪಾಸ್ ಆದಮೇಲೆ: ಉಸಿರು, ಕೆಮ್ಮು, ನಡಿಗೆ

ಹೃದಯದ ಬೈಪಾಸ್ ಆಪರೇಷನ್ ಆದವರನ್ನು ಮೊದಲ ವಾರ ಹೆಚ್ಚಾಗಿ ಕಾಡುವುದು ಶ್ವಾಸಕೋಶ. ಎದೆನೋವಿಗೆ ಹೆದರಿ ಮೇಲಮೇಲೆ ಉಸಿರಾಡಿದರೆ ಅದರ ಕೆಳಭಾಗ, ಅದರಲ್ಲೂ ಎಡಗಡೆಯದು, ಮುದುಡಿಕೊಂಡು ಕಫ ಕಟ್ಟುತ್ತದೆ. ಹಾಗಾಗಿ ಮೂರು ಚೆಂಡಿನ ಸ್ಪೈರೋಮೀಟರನ್ನು (ಉಸಿರಿನ ವ್ಯಾಯಾಮದ ಸಾಧನ) ಆಪರೇಷನ್‌ಗೆ ಮುಂಚೆಯೇ ತಂದು ಅಭ್ಯಾಸ ಮಾಡಿಸಿ. ನೋವಿನ ನಡುವೆ ಹೊಸದನ್ನು ಕಲಿಯಲಾಗದು.

ಬಹಳ ಜನ ಅದನ್ನು ಪೀಪಿಯಂತೆ ಊದುತ್ತಾರೆ. ಅದಿರುವುದು ಉಸಿರು ಎಳೆಯುವುದಕ್ಕೆ. ನೆಟ್ಟಗೆ ಕೂತು, ಉಸಿರು ಪೂರ್ತಿ ಬಿಟ್ಟು, ಕೊಳವೆಯನ್ನು ತುಟಿಯಲ್ಲಿ ಬಿಗಿಹಿಡಿದು ನಿಧಾನವಾಗಿ ಎಳೆಯಬೇಕು. ಚೆಂಡುಗಳು ಸೆಕೆಂಡಿಗೆ 600, 900, 1200 ಮಿಲೀ ವೇಗಕ್ಕೆ ಒಂದೊಂದಾಗಿ ಏಳುತ್ತವೆ. ಮೂರನ್ನೂ ಒಮ್ಮೆಗೇ ಹಾರಿಸಿ ಬೀಳಿಸುವುದಕ್ಕಿಂತ ಒಂದೇ ಚೆಂಡನ್ನು 3 ಸೆಕೆಂಡ್ ಹೊತ್ತು ಮೇಲೆಯೇ ನಿಲ್ಲಿಸುವುದು ಮೇಲು. ಎಚ್ಚರವಿದ್ದಷ್ಟು ಹೊತ್ತು ಗಂಟೆಗೆ 10 ಸಲ. ತಲೆ ಸುತ್ತಿದರೆ ನಡುವೆ ಬಿಡುವು ಕೊಡಿ.

ಕೆಮ್ಮನ್ನು ತಡೆಯಬೇಡಿ. ಗಟ್ಟಿ ದಿಂಬನ್ನೋ ಮಡಚಿದ ಟವೆಲನ್ನೋ ಎದೆಗೆ ಅವುಚಿ, ಬಾಯಿ ತೆರೆದು ‘ಹಾ’ ಎಂದು ಎರಡು ಸಲ ಉಸಿರು ದೂಡಿ, ಆಮೇಲೆ ಕೆಮ್ಮಿ. ನೋವಿನ ಮಾತ್ರೆ ನುಂಗಿದ ಅರ್ಧ ಗಂಟೆಯ ಮೇಲೆ ಇದು ಸಲೀಸು.

ಹಾಸಿಗೆಯಿಂದ ಏಳುವಾಗ ಮಂಡಿ ಮಡಚಿ, ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸುತ್ತ ಏಳಬೇಕು. ಮೊಣಕೈ ಪಕ್ಕೆಗೆ ಅಂಟಿರಲಿ. ಕೈಹಿಡಿದು ಎಳೆದು ಎಬ್ಬಿಸುವ ಮನೆಯವರ ಅಕ್ಕರೆಯೇ ಇಲ್ಲಿ ಅಪಾಯ: ಆ ಎಳೆತವೆಲ್ಲ ಆಪರೇಷನ್‌ನಲ್ಲಿ ಸೀಳಿ ತಂತಿ ಹಾಕಿ ಕೂಡಿಸಿದ ಎದೆಮೂಳೆಯ ಮೇಲೆ ಬೀಳುತ್ತದೆ.

ಸಾಮಾನ್ಯವಾಗಿ ಮಾರನೆಯ ದಿನವೇ ಕುರ್ಚಿ, ಪಾದ ಮೇಲೆ ಕೆಳಗೆ ಆಡಿಸುವುದು. ಎರಡು-ಮೂರನೆಯ ದಿನ ವಾರ್ಡಿನ ಕಾರಿಡಾರಿನಲ್ಲಿ ನಡಿಗೆ. ಮನೆಗೆ ಹೊರಡುವ ಮುಂಚೆ ಒಂದು ಮಹಡಿ ಮೆಟ್ಟಿಲು. ನಡೆಯುತ್ತ ಮಾತಾಡಲು ಆಗಬೇಕು. ನಾಡಿಬಡಿತ ಕೂತಿದ್ದಾಗಿನದಕ್ಕಿಂತ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರಬಾರದು. ಎದೆ ಹಿಡಿದಂತಾದರೆ, ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ. ಬೈಪಾಸ್‌ಗೆಂದು ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಕೂತಾಗ ಆ ಕಾಲು ಸ್ಟೂಲಿನ ಮೇಲಿರಲಿ, ಇಲ್ಲದಿದ್ದರೆ ಊದುತ್ತದೆ.

ಎದೆಮೂಳೆ ಕೂಡಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ತುಂಬಿದ ಬಿಂದಿಗೆ, ಸಿಲಿಂಡರ್, ಸ್ಕೂಟರ್ ಮೂರೂ ದೂರ. ಉಸಿರಾಡುವಾಗ ಅಥವಾ ಹೊರಳುವಾಗ ಎದೆಯಲ್ಲಿ ‘ಟಿಕ್’ ಎಂದರೆ, ಗಾಯದಿಂದ ನೀರು ಒಸರಿದರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಸರ್ಜನ್‌ಗೆ ತೋರಿಸಿ.