ಅಗ್ಗದ ಡಿಎನ್‌ಎಸ್ ನಂಬಬಹುದಾ? ಹೀಗೆ ನೋಡಿ

ಶಿರಸಿಯ ನಮ್ಮ ಹೋಮ್‌ಸ್ಟೇ ವೆಬ್‌ಸೈಟ್ ಒಮ್ಮೆ ಇಡೀ ದಿನ ತೆರೆಯಲಿಲ್ಲ. ಮಳೆಗೆ ನೆಟ್ ಹೋಗಿದೆ ಅಂತ ಸುಮ್ನಿದ್ದೆ, ನೋಡಿದರೆ ಅಗ್ಗದ ಡಿಎನ್‌ಎಸ್ ಸೇವೆಯೇ (ವೆಬ್‌ಸೈಟ್ ಹೆಸರನ್ನು ಅದರ ಸರ್ವರಿನ ನಂಬರಿಗೆ, ಅಂದರೆ ಐಪಿ ವಿಳಾಸಕ್ಕೆ, ಜೋಡಿಸುವ ಸೇವೆ) ಮಲಗಿತ್ತು.

ಅದಕ್ಕೇ ದುಡ್ಡು ಕೊಡುವ ಮೊದಲು ಡಿಎನ್‌ಎಸ್ ವಿಚಾರಿಸುವ ಡಿಗ್ (dig) ಕಮಾಂಡ್‌ನಲ್ಲಿ ಆ ಸೇವೆಯವರ ನೇಮ್‌ಸರ್ವರ್‌ಗಳ (ಹೆಸರು ಕೇಳಿದರೆ ವಿಳಾಸ ಹೇಳುವ ಮಷೀನುಗಳ) ಐಪಿ ವಿಳಾಸ ನೋಡಿ. ಎರಡಾದರೂ ಇರಬೇಕು, ಅವೂ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿ. ಎರಡು ಹೆಸರು ಕೊಟ್ಟು ಎರಡನ್ನೂ ಒಂದೇ ಮಷೀನಿಗೆ ತೋರಿಸುವವರೂ ಇದ್ದಾರೆ!

99.9% ಅಪ್‌ಟೈಮ್ (ಸೇವೆ ಚಾಲೂ ಇರುವ ಸಮಯ) ಅಂದರೂ ತಿಂಗಳಿಗೆ ಸುಮಾರು 43 ನಿಮಿಷ ಬಂದ್.

ಬಳಕೆಯಿಲ್ಲದ ಡೊಮೇನ್ ಒಂದನ್ನು ತಿಂಗಳು ಅಲ್ಲಿಟ್ಟು, ಐದು ನಿಮಿಷಕ್ಕೊಮ್ಮೆ ನೇರವಾಗಿ ಅವರ ನೇಮ್‌ಸರ್ವರನ್ನೇ ಕೇಳುವ ಚಿಕ್ಕ ಸ್ಕ್ರಿಪ್ಟ್ ಓಡಿಸಿ. ಮನೆ ಲೈನಿಂದ ಬೇಡ, ಇಲ್ಲಿ ಕರೆಂಟ್ ಹೋದರೆ ಲೆಕ್ಕ ತಪ್ಪುತ್ತದೆ, ಅಲ್ವಾ?

ರೆಕಾರ್ಡ್‌ಗಳನ್ನು (ಯಾವ ಹೆಸರಿಗೆ ಯಾವ ವಿಳಾಸ ಅನ್ನುವ ನಮೂದುಗಳನ್ನು) ಝೋನ್ ಫೈಲಾಗಿ, ಅಂದರೆ ಎಲ್ಲವನ್ನೂ ಒಂದೇ ಫೈಲಿನಲ್ಲಿ, ಇಳಿಸಿಕೊಳ್ಳಲು ಬಿಡದಿದ್ದರೆ ಬೇರೆ ಕಡೆ ಹೋಗುವುದು ಕಷ್ಟ, ಅಂಥ ಸೇವೆ ಬೇಡವೇ ಬೇಡ.