ಹಳೇ ಜಿಪ್ಸಿಯ ತುಕ್ಕು ಹಿಡಿದ ಸ್ಪ್ರಿಂಗ್ ಬಿಚ್ಚುವ ಮುಂಚೆ

ಮಲೆನಾಡು, ಕರಾವಳಿ ಕಡೆ ಹಳೇ ಮಾರುತಿ ಜಿಪ್ಸಿ ಇಟ್ಟುಕೊಂಡವರು ಮಳೆಗಾಲ ಮುಗಿದ ಕೂಡಲೇ ಗಾಡಿ ಕೆಳಗೆ ಟಾರ್ಚ್ ಬಿಟ್ಟು ನೋಡಿ. ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಇರುವ ಗಾಡಿ, ಪ್ಲೇಟ್‌ಗಳ ಸಂದಿಯಲ್ಲಿ, ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಅಂದರೆ ಶಾಕಲ್ ಮೂಲೆಯಲ್ಲಿ ಕೆಸರು ಕೂತರೆ ತೇವ ಆರುವುದೇ ಇಲ್ಲ.

ಸ್ಪ್ರಿಂಗ್ ಬದಲಿಸುವುದಾದರೆ ಸೀದಾ ಸ್ಪ್ಯಾನರ್ ಹಾಕಬೇಡಿ. ಹಿಂದಿನ ರಾತ್ರಿಯೇ ವೈರ್ ಬ್ರಷ್‌ನಿಂದ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ನಟ್ ಬಿಚ್ಚಿದರೂ ಬೋಲ್ಟ್ ಹೊರಗೆ ಬರದೆ, ತಿರುಗಿಸಿದಾಗ ಸ್ಪ್ರಿಂಗ್ ತುದಿಯ ತೂತಿನಲ್ಲಿ ಕೂರುವ ಬುಷ್‌ನ ರಬ್ಬರ್ ಕೂಡ ಜೊತೆಗೇ ತಿರುಚಿಕೊಂಡು ಮತ್ತೆ ಹಿಂದಕ್ಕೆ ಬಂದರೆ, ಬುಷ್ ಒಳಗಿನ ಕಬ್ಬಿಣದ ಕೊಳವೆಗೆ ಬೋಲ್ಟ್ ಕಚ್ಚಿಕೊಂಡಿದೆ ಅಂತ ಅರ್ಥ. ಆಗ ಸುಮ್ನೆ ಸುತ್ತಿಗೆಯಲ್ಲಿ ಬಡಿಯುವುದಕ್ಕಿಂತ ಗ್ರೈಂಡರ್‌ನಿಂದ ಎರಡೂ ಬದಿ ಬೋಲ್ಟ್ ಕತ್ತರಿಸುವುದೇ ವಾಸಿ, ಹೇಗಿದ್ದರೂ ಬುಷ್ ಹೊಸದು ಹಾಕ್ತೀರಲ್ವಾ. ಬೋಲ್ಟ್ ಸಡಿಲಿಸಲು ಗ್ಯಾಸ್ ಬೆಂಕಿ ಹಿಡಿಯುವವರು ಪೆಟ್ರೋಲ್ ಪೈಪ್, ಬ್ರೇಕ್ ಹೋಸ್ ಎಲ್ಲಿದೆ ಅಂತ ಮೊದಲು ನೋಡಿ.

ಜಾಕ್ ಒಂದನ್ನೇ ನಂಬಿ ಕೆಳಗೆ ಮಲಗಬೇಡಿ, ದಯವಿಟ್ಟು. ಚಾಸಿಗೆ ಸ್ಟ್ಯಾಂಡ್ ಕೊಡಿ, ಆ್ಯಕ್ಸಲ್‌ಗೆ ಬೇರೆ ಜಾಕ್ ಇರಲಿ.

ಸ್ಪ್ರಿಂಗನ್ನು ಆ್ಯಕ್ಸಲ್‌ಗೆ ಬಿಗಿಯುವ ಹಳೇ ಯು ಬೋಲ್ಟ್ ಮತ್ತೆ ಹಾಕಬೇಡಿ, ಒಮ್ಮೆ ಎಳೆದು ಬಿಗಿದದ್ದು ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಪ್ಲೇಟ್‌ಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್‌ನ ತಲೆ ಆ್ಯಕ್ಸಲ್ ಸೀಟ್‌ನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿ.

ಎಲ್ಲಕ್ಕಿಂತ ಜಾಸ್ತಿ ಜನ ಬಿಡುವುದು ಇದನ್ನು: ಶಾಕಲ್, ಬುಷ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ನೆಲಕ್ಕಿಳಿದು ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಸ್ವಲ್ಪ ದಿನ ಓಡಿಸಿ ಯು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿ.